ಅಗಸಿ ಎಣ್ಣಿಯ ಸಾಹೇಬ

ಚಿಂಚೋಳಿಯ ನಮ್ಮ ಮನೆಯ ಗೋಡೆ ಶಹಾಬಾದ್ ಕಲ್ಲಿನದು. ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ. ಅಂಥ ಗೋಡೆಯನ್ನು ಗೆದ್ದು ತೂಗಿದವರು ನಾಲ್ವರೇ: ಬಸವಣ್ಣ, ಶರಣಬಸಪ್ಪ, ತೀರಿಹೋದ ನಮ್ಮ ಮುತ್ಯಾ, ಮತ್ತು ಕಿರಾಣಿ ಅಂಗಡಿಯ ಕ್ಯಾಲೆಂಡರ್. ಹಾಗಾಗಿ ವಿಲಾಯತಿಯ ಜಮೀನ್ದಾರರ ಮನೆಗಳಲ್ಲಿ ಕೆಂಪು ಕೋಟಿನ ಫೌಜಿ ಸಾಹೇಬರು ಆಳೆತ್ತರದ ಚೌಕಟ್ಟಿನೊಳಗೆ ಕತ್ತಿ ಹಿಡಿದು ನಿಂತ ತೈಲಚಿತ್ರಗಳನ್ನು ಪುಸ್ತಕದಲ್ಲಿ ಕಂಡಾಗಲೆಲ್ಲ ನನಗೆ ಮೊದಲು ಹೊಳೆಯುವುದು ಕಲೆಯಲ್ಲ, ಮೊಳೆ.

ಆಯಿಗೆ ಒಮ್ಮೆ ಅಂಥದೊಂದನ್ನು ತೋರಿಸಿದೆ. "ಎಣ್ಣಿಯಾಗ ಬರದದ್ದು ಆಯಿ."

"ಯಾವ ಎಣ್ಣಿ?"

ಇಷ್ಟು ವರ್ಷ ನಾನು ಕೇಳಿಕೊಳ್ಳದ ಪ್ರಶ್ನೆ. ಹುಡುಕಿದರೆ, ಅಗಸಿ ಎಣ್ಣೆ! ಕೊಬ್ಬರಿ ಎಣ್ಣೆಯಲ್ಲಿ ಬರೆದಿದ್ದರೆ ಸಾಹೇಬರ ಮೀಸೆ ಇಷ್ಟೊತ್ತಿಗೆ ಗದ್ದಕ್ಕಿಳಿದಿರುತ್ತಿತ್ತು. ಅಗಸಿ ಎಣ್ಣೆ ಗಾಳಿ ಕುಡಿದು ಗಟ್ಟಿ ಪೊರೆಯಾಗುತ್ತದೆ. ಬಿಳಿ ಬಣ್ಣಕ್ಕಾದರೆ ಕುಸುಬಿ ಎಣ್ಣೆಯೂ ನಡೆಯುತ್ತದೆ, ಹಳದಿ ತಿರುಗುವುದು ಕಡಿಮೆ. ಎರಡೂ ನಮ್ಮ ಎರಿ ಹೊಲದ ಹಿಂಗಾರಿ ಬೆಳೆ. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ದೇಶದ ಅಗಸಿ ಹಡಗುಗಟ್ಟಲೆ ವಿಲಾಯತಿಗೆ ಹೋಗುತ್ತಿತ್ತು. ಯಾವ ಕರ್ನಲ್ಲನ ಕೆನ್ನೆಯ ಹೊಳಪಿನಲ್ಲಿ ಯಾರ ಹೊಲದ ಪಾಲಿದೆಯೋ!

ನಮ್ಮ ಕಡೆ ಅಂಥ ಸಾಹೇಬರು ಕಡಿಮೆ. 1948ರವರೆಗೆ ಇದು ನಿಜಾಮರ ಸೀಮೆ. ಬಂದ ಬಿಳಿಯರಲ್ಲೂ ಕೆಲವರು ನಿಜಾಮರ ಸಂಬಳದವರೇ. ಫಿಲಿಪ್ ಮೆಡೋಸ್ ಟೇಲರ್ ಅಂಥವನು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದಕ್ಕೇ ವ್ಯಾಪಾರದ ಆಸೆಯಿಂದ ಮುಂಬೈಗೆ ಬಂದ. ನಂಬಿ ಬಂದ ಅಂಗಡಿಯೇ ಮುಳುಗುತ್ತಿತ್ತು. ನಿಜಾಮರ ಫೌಜು ಸೇರಿದ. 1839ರಲ್ಲಿ ಠಕ್ಕರ ಕಾದಂಬರಿ ಬರೆದು ಹೆಸರಾದ. ಚಿತ್ರ ಬರೆಯುತ್ತಿದ್ದ, ಜೇವರ್ಗಿಯ ಕಲ್ಲುಗೋರಿಗಳನ್ನು ಅಗೆಯುತ್ತಿದ್ದ. ಸುರಪುರದ ಗುಡ್ಡದ ಮೇಲೆ ಅವನ ಬಂಗಲೆ, ಟೇಲರ್ ಮಂಜಿಲ್, ಇವತ್ತಿಗೂ ಇದೆ. ಎಳೆಯ ದೊರೆ ವೆಂಕಟಪ್ಪ ನಾಯಕ ಅವನನ್ನು "ಅಪ್ಪಾ" ಎನ್ನುತ್ತಿದ್ದ.

ಅದೇ ದೊರೆ 1858ರಲ್ಲಿ ಇಂಗ್ಲಿಷರ ಮೇಲೆ ತಿರುಗಿಬಿದ್ದ, ಸಿಕ್ಕಿಬಿದ್ದ. ಸಿಕಂದರಾಬಾದಿನ ಸೆರೆಯಲ್ಲಿ ಅವನನ್ನು ನೋಡಲು ಟೇಲರ್ ಹೋದ. ಗಲ್ಲಿಗಿಂತ ತೋಪಿನ ಬಾಯಿ ಮೇಲೆಂದನಂತೆ ಹುಡುಗ. ಶಿಕ್ಷೆ ಇಳಿಯಿತು, ಚೆಂಗಲ್ಪಟ್ಟಿನ ಸೆರೆಮನೆಯ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಜೀವ ಹೋಯಿತು. "ಅಪ್ಪಾ" ಅನ್ನಿಸಿಕೊಂಡವನ ಆ ಭೇಟಿಯ ದಿನದ ಮುಖವನ್ನು ಯಾರಾದರೂ ಎಣ್ಣೆಯಲ್ಲಿ ಹಿಡಿದಿದ್ದರೆ ನಾನು ನಡೆದಾದರೂ ಹೋಗಿ ನೋಡುತ್ತಿದ್ದೆ. ಇದೆಲ್ಲ ನಮಗೆ ಸಿಗುವುದು ಅವನ ಆತ್ಮಕಥೆಯಿಂದ. ಅದು ಅಚ್ಚಾದದ್ದು ಅವನು ಸತ್ತ ಮರುವರ್ಷ, 1877ರಲ್ಲಿ. ಜನ ತನ್ನನ್ನು ಮಹಾದೇವ ಬಾಬಾ ಎನ್ನುತ್ತಿದ್ದರೆಂದೂ ಅದರಲ್ಲಿದೆ. ತನ್ನ ಚಿತ್ರ ತಾನೇ ಬರೆದುಕೊಳ್ಳುವವನು ಬೆಳಕು ಯಾವ ಕೆನ್ನೆಯ ಮೇಲೆ ಬೀಳಬೇಕೆಂಬುದನ್ನೂ ತಾನೇ ಗೊತ್ತುಮಾಡುತ್ತಾನೆ, ಬಿಡಿ.

ಎಲ್ಲ ಕೇಳಿದ ಆಯಿಗೆ ಉಳಿದದ್ದು ಒಂದೇ ಅನುಮಾನ. "ಎಣ್ಣಿ ಮಾರಿಗಿ ಹಚಗೊಂಡರು, ಖರೆ. ಹಿಂಡಿ ಏನ್ ಮಾಡಿದರೋ ತಮ್ಮಾ?"

"ದನಕ್ಕ ಹಾಕಿದರಂತ ಆಯಿ."

"ಅಯ್ಯ ಶಿವನೇ!" ಎಂದು ಆಯಿ ನನ್ನ ರೊಟ್ಟಿಯ ಮೇಲೆ ಇನ್ನೊಂದು ಚಮಚ ಅಗಸಿ ಹಿಂಡಿ ಸುರಿದಳು.