ದಂತದ ನೆರಳುಗಡಿಯಾರ: ಬಳಸುವ ಕ್ರಮ

ಜರ್ಮನಿಯ ನ್ಯೂರೆಂಬರ್ಗಿನ ಆನೆದಂತದ ಜೇಬುಗಡಿಯಾರ ಕೊಂಡಿದ್ದೀರಿ, ಸಂತೋಷ. ಇದಕ್ಕೆ ಕೀಲಿ ಕೊಡಬೇಕಿಲ್ಲ, ಸೆಲ್ಲು ಹಾಕಬೇಕಿಲ್ಲ, ಬಿಸಿಲೊಂದಿದ್ದರೆ ಸಾಕು. ಮೋಡ ಕವಿದ ದಿನ ಗಡಿಯಾರ ನಿಂತುಹೋಯಿತೆಂಬ ದೂರನ್ನು ಸ್ವೀಕರಿಸುವುದಿಲ್ಲ.

ಮಾಲು ಅಸಲಿಯೇ ಎಂದು ಮೊದಲು ನೋಡಿಕೊಳ್ಳಿ. 16 ಮತ್ತು 17ನೇ ಶತಮಾನಗಳಲ್ಲಿ ಆ ಊರಿನ ಕೆಲವೇ ಮನೆತನಗಳು ಈ ಕಸುಬು ಹಿಡಿದಿದ್ದವು. ಟೂಖರ್ ಮನೆಯವರ ಗುರುತು ಹಾವು, ರೈನ್‌ಮನ್ನರದು ಕಿರೀಟ, ಟ್ರೋಶೆಲ್ಲರದು ಹಕ್ಕಿ. ಜನ ಇವರನ್ನು ಕರೆಯುತ್ತಿದ್ದದ್ದು ದಿಕ್ಸೂಚಿ ಮಾಡುವವರು ಎಂದು. ಗಡಿಯಾರ ಎಂಬ ಮಾತೇ ಆ ಹೆಸರಿನಲ್ಲಿಲ್ಲ. ಅದಕ್ಕೆ ಕಾರಣ ಮುಂದೆ ನಿಮಗೇ ಗೊತ್ತಾಗುತ್ತದೆ.

ಈಗ ತೆರೆಯಿರಿ. ಪುಸ್ತಕದ ರಟ್ಟಿನಂತೆ ಎರಡು ಹಲಗೆ, ನಡುವೆ ಹಿತ್ತಾಳೆಯ ಕೀಲು. ಮುಚ್ಚಳವನ್ನು ನೆಟ್ಟಗೆ ನಿಲ್ಲಿಸಿದರೆ ಮೇಲಿನ ಹಲಗೆಯಿಂದ ಕೆಳಗಿನದಕ್ಕೆ ಒಂದು ದಾರ ಓರೆಯಾಗಿ ಬಿಗಿದುಕೊಳ್ಳುತ್ತದೆ. ನೆರಳು ಬೀಳಿಸುವುದು ಆ ದಾರವೇ, ಉಳಿದದ್ದೆಲ್ಲ ಅದರ ಪರಿವಾರ. ಅವಸರ ಮಾಡದೆ ಒಂದು ನಿಮಿಷ ಹಲಗೆಯನ್ನೇ ನೋಡಿ. ಕೂದಲೆಳೆಯಂಥ ಗೆರೆಗಳು, ಮೊಳೆಯಚ್ಚಿನಿಂದ ಒಂದೊಂದಾಗಿ ಒತ್ತಿದ ಅಂಕಿಗಳು, ಅವುಗಳೊಳಗೆ ತುಂಬಿದ ಕೆಂಪು, ಕಪ್ಪು, ಹಸಿರು. ಮರವಾದರೆ ತಪ್ಪನ್ನು ಹೆರೆದು ತೆಗೆಯಬಹುದು. ತೆಳ್ಳಗಿನ ದಂತದ ಮೇಲೆ 7ರ ಜಾಗದಲ್ಲಿ 8 ಒತ್ತಿದವನ ಗತಿಯನ್ನು ನೆನೆಸಿಕೊಂಡರೇ ನನ್ನ ಕೈ ಬೆವರುತ್ತದೆ.

ಸಮತಟ್ಟಾದ ಜಾಗದಲ್ಲಿಟ್ಟು, ಕೆಳಹಲಗೆಯ ಗುಂಡಿಯಲ್ಲಿರುವ ದಿಕ್ಸೂಚಿಯ ಸೂಜಿ ತನ್ನ ಗುರುತಿನ ಮೇಲೆ ನಿಲ್ಲುವವರೆಗೆ ಇಡೀ ಪೆಟ್ಟಿಗೆಯನ್ನು ತಿರುಗಿಸಿ. ಗುರುತು ನೇರ ಉತ್ತರಕ್ಕಿಲ್ಲ, ಸ್ವಲ್ಪ ಓರೆಯಿದೆ. ಇದು ತಯಾರಿಕೆಯ ದೋಷವಲ್ಲ. ಅದೇ ಊರಿನ ಪಾದ್ರಿ ಗೆಯೋರ್ಗ್ ಹಾರ್ಟ್‌ಮನ್, ತಾನೂ ಇಂಥ ಗಡಿಯಾರ ಮಾಡಿದವನು, ಸೂಜಿ ನಿಜವಾದ ಉತ್ತರ ಬಿಟ್ಟು ರೋಮಿನಲ್ಲಿ 6 ಡಿಗ್ರಿ, ನ್ಯೂರೆಂಬರ್ಗಿನಲ್ಲಿ 10 ಡಿಗ್ರಿ ಪೂರ್ವಕ್ಕೆ ವಾಲುತ್ತದೆಂದು 1544ರಲ್ಲೇ ಪತ್ರ ಬರೆದಿದ್ದ. ಆ ವಾಲಿಕೆ ಅಂದಿನಿಂದ ಬದಲಾಗುತ್ತಲೇ ಇದೆ, ದಂತದ ಮೇಲಿನ ಗುರುತು ಮಾತ್ರ ಇದ್ದಲ್ಲೇ ಇದೆ. ಅಪ್‌ಡೇಟ್ ಕಳಿಸುವುದಿಲ್ಲ.

ಇನ್ನು ದಾರದ ರಂಧ್ರ. ಮುಚ್ಚಳದಲ್ಲಿ ಒಂದರ ಕೆಳಗೊಂದು ಹಲವು ಇರುತ್ತವೆ, ಒಂದೊಂದು ಅಕ್ಷಾಂಶಕ್ಕೆ ಒಂದೊಂದು. ನೀವಿರುವ ಊರಿನ ಅಕ್ಷಾಂಶ ತಿಳಿಯದಿದ್ದರೆ ಹಲಗೆಯ ಮೇಲೇ ಊರುಗಳ ಪಟ್ಟಿಯಿದೆ. ಯಾವ ಊರಿನಲ್ಲಿದ್ದೀರಿ ಎಂಬುದೇ ತಿಳಿಯದಿದ್ದರೆ ಗಡಿಯಾರ ಮಡಚಿ ದಾರಿಹೋಕರನ್ನು ಕೇಳಿ. ಬೆಂಗಳೂರಿನವರು ಪಟ್ಟಿಯಲ್ಲಿ ಹುಡುಕುವುದು ಬೇಡ. ನಮ್ಮ 13 ಡಿಗ್ರಿಗೆ ರಂಧ್ರ ಬೇಕೆಂದರೆ ಕೀಲಿನ ಹತ್ತಿರ, ತೀರಾ ಕೆಳಗೆ ಕೊರೆಯಬೇಕಿತ್ತು, ಯಾರೂ ಕೊರೆದಿಲ್ಲ. ಹೇಗೂ ಇದನ್ನು ಇಲ್ಲಿಗೆ ತರುವುದು ಸುಲಭವಲ್ಲ. ಆಫ್ರಿಕಾದ ಆನೆಗಳ ದಂತ ದೇಶದಿಂದ ದೇಶಕ್ಕೆ ವ್ಯಾಪಾರವಾಗಬಾರದೆಂದು 1989ರಲ್ಲಿ ತೀರ್ಮಾನವಾಗಿದೆ. ಮೈಸೂರಿನ ಬೀಟೆಮರದ ಕುಸುರಿಯಲ್ಲೂ ದಂತದ ಜಾಗಕ್ಕೆ ಪ್ಲಾಸ್ಟಿಕ್ ಬಂದು ಬಹಳ ಕಾಲವಾಯಿತು.

ಗಂಟೆ ಓದುವುದು. ಯಾವ ಗಂಟೆ ಎಂದು ಮೊದಲೇ ನಿರ್ಧರಿಸಿ. ದಾರದ ನೆರಳು ತೋರಿಸುವುದು ನಮಗೆ ಗೊತ್ತಿರುವ ಹನ್ನೆರಡು ಹನ್ನೆರಡರ ಲೆಕ್ಕ. ಪಕ್ಕದಲ್ಲಿ ಗಿಡ್ಡ ಮುಳ್ಳೊಂದಿದ್ದರೆ ಅದು ಇಟಲಿಯ ಗಂಟೆಗೆ, ಸೂರ್ಯಾಸ್ತದಿಂದ ಎಣಿಕೆ. ಬಾಬಿಲೋನಿನ ಗಂಟೆ ಸೂರ್ಯೋದಯದಿಂದ. ಪಂಚಾಂಗದ ಉದಯಾದಿ ಗಳಿಗೆ ಲೆಕ್ಕ ಹಾಕಿದವರಿಗೆ ಇದು ತವರುಮನೆ, ಅರವತ್ತರ ಜಾಗದಲ್ಲಿ ಇಪ್ಪತ್ನಾಲ್ಕು ಅಷ್ಟೇ. ನ್ಯೂರೆಂಬರ್ಗಿನವರದು ಇನ್ನೂ ಬೇರೆ: ಹಗಲು ಮುಗಿದೊಡನೆ ಮತ್ತೆ ಒಂದರಿಂದ ಎಣಿಸುತ್ತಿದ್ದರು, ಹಗಲಿಗೆ ಚಳಿಗಾಲದಲ್ಲಿ 8 ಗಂಟೆ, ಬೇಸಿಗೆಯಲ್ಲಿ 16. ಆಗ ಅಲ್ಲಿ ಯಾರಾದರೂ ಆರಕ್ಕೆ ಬನ್ನಿ ಅಂದರೆ, ಯಾವ ಆರು ಸ್ವಾಮಿ ಎಂದು ಅಲ್ಲೇ ಕೇಳಿಕೊಳ್ಳಬೇಕಿತ್ತು.

ರಾತ್ರಿಯ ಬಳಕೆಗೆ ಹಿತ್ತಾಳೆಯ ತಿರುಗುಬಿಲ್ಲೆ ಇದೆ. ಬೆಳದಿಂಗಳಲ್ಲಿ ನೆರಳು ನೋಡಿ, ಅಂದಿನ ತಿಥಿಗೆ ಬಿಲ್ಲೆ ತಿರುಗಿಸಿ, ಸಿಕ್ಕಿದ್ದನ್ನು ಸೂರ್ಯನ ಗಂಟೆಗೆ ಪರಿವರ್ತಿಸಿಕೊಳ್ಳಿ. ಅಷ್ಟರಲ್ಲಿ ಬೆಳಗಾದರೆ ಮೊದಲಿನಿಂದ ಓದಿ.

ದಾರ ತುಂಡಾದರೆ ಗಾಬರಿ ಬೇಡ. ದಂತ ನಾನೂರು ವರ್ಷ ಬಾಳುತ್ತದೆ, ದಾರ ಬಾಳುವುದಿಲ್ಲ. ಗುಂಡಿ ಹೊಲಿಯುವ ದಾರವನ್ನೇ ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟರೆ ನೆರಳು ಜೋಲುತ್ತದೆ, ಮಧ್ಯಾಹ್ನದ ಊಟ ತಡವಾಗುತ್ತದೆ.