ಕವಿಯ ಕಿಬ್ಬೊಟ್ಟೆಯಲ್ಲಿ ಬ್ಲಾಕೇಜ್

ಕನ್ನಡದ ಲೇಖಕನೊಬ್ಬ ಬರೆಯುವುದನ್ನು ನಿಲ್ಲಿಸಿದರೆ ಇಷ್ಟು ದಿನ ಅದಕ್ಕೆ ಮೂರೇ ಕಾರಣ ಇರುತ್ತಿದ್ದವು: ವಿಮರ್ಶಕರ ಹೊಟ್ಟೆಕಿಚ್ಚು, ಪ್ರಕಾಶಕರ ಜಿಪುಣತನ, ಓದುಗರ ದಡ್ಡತನ. ಮೂರೂ ಅವನ ಮೈಯಿಂದ ಹೊರಗಿದ್ದವು. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ, ಅದು ಹೊಕ್ಕುಳಿನ ಕೆಳಗೆ ಕಿಬ್ಬೊಟ್ಟೆಯಲ್ಲಿದೆ. ಸ್ವಾಧಿಷ್ಠಾನ ಚಕ್ರ ಬ್ಲಾಕ್ ಆಗಿದೆಯಂತೆ. ಕಥೆ ಮುಗಿಯುತ್ತಿಲ್ಲವೇ? ಬ್ಲಾಕ್. ಕವನ ಮೂರನೇ ಸಾಲಿಗೆ ಬಂದು ನಿಂತಿತೇ? ಬ್ಲಾಕ್. ಕ್ಯಾನ್ವಾಸ್ ತಂದು ಎರಡು ಮಳೆಗಾಲ ಕಳೆದರೂ ಮೇಲಿನ ಪ್ಲಾಸ್ಟಿಕ್ ಬಿಚ್ಚಿಲ್ಲವೇ? ಹಾಗಾದರೆ ನಿಮ್ಮದು ಪೂರ್ತಿ ಬ್ಲಾಕ್, ಸೀದಾ ಅಡ್ವಾನ್ಸ್‌ಡ್ ಕೋರ್ಸಿಗೇ ಬನ್ನಿ.

ಕೋರ್ಸು ನಂದಿಬೆಟ್ಟದ ಆಸುಪಾಸಿನ ಯಾವುದಾದರೂ ರೆಸಾರ್ಟಿನಲ್ಲಿ, ಶನಿವಾರ ಭಾನುವಾರ. ಮೊದಲ ಕಾದಂಬರಿಯ ಶೀರ್ಷಿಕೆ ಮತ್ತು ಅರ್ಪಣೆಯನ್ನು ಮಾತ್ರ ಬರೆದು ಮುಗಿಸಿರುವ ಟೆಕ್ಕಿಗಳು, ನಿವೃತ್ತಿಯ ಮಾರನೇ ದಿನವೇ ಮಹಾಕಾವ್ಯಕ್ಕೆ ಕೈ ಹಾಕಿದ ಬ್ಯಾಂಕ್ ಮ್ಯಾನೇಜರರು, ಲೈಕು ಕಡಿಮೆಯಾಗಿ ಕಂಗಾಲಾದ ರೀಲ್ಸ್ ಕಲಾವಿದರು ಒಂದೇ ಜಮಖಾನದ ಮೇಲೆ ಕೂರುತ್ತಾರೆ. ಚಿಕಿತ್ಸೆ ಸರಳ. ಕಿತ್ತಳೆ ಬಣ್ಣದ ಬಟ್ಟೆ ಉಡಬೇಕು. ಕ್ಯಾರೆಟ್, ಪಪ್ಪಾಯಿ, ಕಿತ್ತಳೆ ತಿನ್ನಬೇಕು. ಬದ್ಧಕೋಣಾಸನದಲ್ಲಿ ಕೂತು ‘ವಂ’ ಎನ್ನಬೇಕು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ 417 ಹರ್ಟ್ಸ್ ನಾದ ಕೇಳಬೇಕು. ಹಣದ ಹರಿವೂ ಇದೇ ಚಕ್ರದ ಇಲಾಖೆಗೆ ಸೇರಿದ್ದರಿಂದ, ಶುಲ್ಕ ಕಟ್ಟುವಾಗ ಕೈ ನಡುಗಿದರೆ ಅದೂ ಬ್ಲಾಕೇಜಿನ ಲಕ್ಷಣವೇ. ನಡುಗದಿದ್ದರೆ ಗುಣವಾಗುತ್ತಿದ್ದೀರಿ ಎಂದರ್ಥ.

ಭಾನುವಾರ ಸಂಜೆ ನಡೆಯುವ ಮಾತುಕತೆಯೂ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಥರ.

“ಮೇಡಂ, ಎರಡು ದಿನದಿಂದ ಕಿತ್ತಳೆ ಉಟ್ಟಿದ್ದೀನಿ, ಕಿತ್ತಳೆ ತಿಂದಿದ್ದೀನಿ. ಒಂದು ಸಾಲೂ ಹೊಳೀಲಿಲ್ಲ.”

“ಬರೆಯೋಕೆ ಕೂತಿದ್ರಾ ಸರ್?”

“ಇಲ್ಲ ಮೇಡಂ, ಟೈಮ್‌ಟೇಬಲ್‌ನಲ್ಲಿ ಅದು ಇರಲಿಲ್ವಲ್ಲ!”

ಹೊರಡುವಾಗ ಕಾರ್ನೀಲಿಯನ್ ಕಲ್ಲಿನ ಒಂದು ಸರ ಕೊರಳಿಗೆ ಬೀಳುತ್ತದೆ. ಈ ಕಲ್ಲಿಗೂ ಕಲೆಗೂ ನಂಟಿರುವುದು ಸುಳ್ಳಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಸಿಂಧೂ ಬಯಲಿನ ಕುಶಲಕರ್ಮಿಗಳು ಇದನ್ನು ಕಾಯಿಸಿ, ಉಜ್ಜಿ, ನೂಲೆಳೆ ಹೋಗುವಷ್ಟು ಸಣ್ಣ ತೂತು ಕೊರೆದು ಮಣಿ ಮಾಡಿ ಮೆಸೊಪೊಟೇಮಿಯದವರೆಗೆ ಮಾರಿದರು. ಗುಜರಾತಿನ ಖಂಭಾತಿನಲ್ಲಿ ಆ ಕಸುಬು ಇವತ್ತಿಗೂ ಇದೆ. ಸೃಜನಶೀಲತೆ ಕೊರೆದವನ ಬೆರಳಲ್ಲಿತ್ತು. ಕೊಂಡವನ ಕೊರಳಲ್ಲಿ ಇದ್ದದ್ದು ಆಗಲೂ ಕಲ್ಲೇ, ಈಗಲೂ ಕಲ್ಲೇ.

ಇಷ್ಟಾದರೂ ಜನ ಯಾಕೆ ಹೋಗುತ್ತಾರೆ? ಈ ರೋಗನಿದಾನದಷ್ಟು ದೊಡ್ಡ ಹೊಗಳಿಕೆಯನ್ನು ನಮ್ಮ ಸಾಹಿತ್ಯ ಪರಂಪರೆ ಯಾರಿಗೂ ಕೊಟ್ಟಿರಲಿಲ್ಲ. ಹಿಂದೆ ಮೇಷ್ಟರಿಗೆ ಕವನ ತೋರಿಸಿದರೆ “ನಿನ್ನಲ್ಲಿ ಸರಕಿಲ್ಲ ಕಣಯ್ಯ, ಮೊದಲು ಓದು” ಅನ್ನುತ್ತಿದ್ದರು. ಹುಡುಗ ಅತ್ತು, ಓದಿ, ಹತ್ತು ವರ್ಷ ಕಳೆದ ಮೇಲೆ ಒಂದೋ ಕವಿಯಾಗುತ್ತಿದ್ದ, ಇಲ್ಲವೇ ಒಳ್ಳೆಯ ಓದುಗನಾಗುತ್ತಿದ್ದ. ಎರಡೂ ನಾಡಿಗೆ ಲಾಭವೇ. ಈಗ ಹೇಳುವುದು ಬೇರೆ: ಮಹಡಿ ಮೇಲಿನ ಟ್ಯಾಂಕ್ ಭರ್ತಿಯಾಗಿದೆ, ಕಟ್ಟಿಕೊಂಡಿರುವುದು ನಲ್ಲಿ ಮಾತ್ರ. ಟ್ಯಾಂಕಿನೊಳಗೆ ಯಾರೂ ಇಣುಕಿ ನೋಡುವಂತಿಲ್ಲ, ಅದು ಆಧ್ಯಾತ್ಮಿಕ ಟ್ಯಾಂಕು. ತಡೆ ಇದೆ ಎಂದಮೇಲೆ ತಡೆಯುವಂಥದ್ದು ಏನೋ ಒಳಗಿದೆ ಎಂದು ತಾನಾಗಿ ಸಾಬೀತಾಯಿತಲ್ಲ! ಒಂದು ಸಾಲೂ ಬರೆಯದೆ ಅಪ್ರಕಟಿತ ಮಹಾಕವಿಯಾಗುವ ಭಾಗ್ಯಕ್ಕೆ ಯಾರು ತಾನೇ ದುಡ್ಡು ಕೊಡುವುದಿಲ್ಲ?

ಈ ಆರಾಮದ ಕಾಯಿಲೆಗೆ ಪಶ್ಚಿಮದಲ್ಲಿ ಹೆಸರಿಟ್ಟವನು ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕ. 1940ರ ದಶಕದಲ್ಲಿ ‘ರೈಟರ್ಸ್ ಬ್ಲಾಕ್’ ಎಂಬ ಮಾತನ್ನು ಚಾಲ್ತಿಗೆ ತಂದ ಈತ, ಲೇಖಕ ಬರೆಯದಿರುವುದರ ಬೇರು ಹಸುಗೂಸಿನ ಕಾಲದ ತಾಯಿಹಾಲಿನ ತಕರಾರಿನಲ್ಲಿದೆ ಎಂದ. ಪಾಪ, ತಾಯಂದಿರ ತಲೆ ಮೇಲಿದ್ದ ಆ ಆರೋಪವನ್ನು ಇಳಿಸಿ ಕಿಬ್ಬೊಟ್ಟೆಗೆ ಹೊರಿಸಿದ್ದಕ್ಕಾದರೂ ಇವತ್ತಿನ ಚಕ್ರಾಚಾರ್ಯರನ್ನು ನಾವು ಮೆಚ್ಚಬೇಕು.

ಇನ್ನು ಈ ಚಕ್ರದ ಸರ್ವೀಸ್ ರಿಜಿಸ್ಟರ್ ತೆಗೆದು ನೋಡೋಣ. 1577ರಲ್ಲಿ ಪೂರ್ಣಾನಂದ ಯತಿ ‘ಷಟ್‌ಚಕ್ರನಿರೂಪಣ’ ಬರೆದಾಗ ಇದರ ಪೋಸ್ಟಿಂಗ್ ಜನನೇಂದ್ರಿಯದ ಬುಡದಲ್ಲಿತ್ತು. ಸಿಂಧೂರ ಬಣ್ಣದ ಆರು ದಳದ ಪದ್ಮ, ಒಳಗೆ ವರುಣನ ಬೆಳ್ಳನೆಯ ಅರ್ಧಚಂದ್ರ, ಮಕರ ವಾಹನ, ಹರಿ, ರಾಕಿನೀ ಶಕ್ತಿ. ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶ ಜಾನ್ ವುಡ್ರಾಫ್ ‘ಆರ್ಥರ್ ಅವಲಾನ್’ ಎಂಬ ಹೆಸರಿನಲ್ಲಿ 1919ರಲ್ಲಿ ಇದನ್ನು ‘ದಿ ಸರ್ಪೆಂಟ್ ಪವರ್’ ಗ್ರಂಥದ ಮೂಲಕ ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ. 1927ರಲ್ಲಿ ಥಿಯಾಸಫಿಯ ಲೆಡ್‌ಬೀಟರ್ ‘ದಿ ಚಕ್ರಾಸ್’ ಬರೆದ. ಮರ್ಯಾದಸ್ಥರ ಮನೆಯ ಪುಸ್ತಕದಲ್ಲಿ ಅಂಥ ಜಾಗದ ಹೆಸರು ಚೆನ್ನಾಗಿರುವುದಿಲ್ಲ ಅನ್ನಿಸಿತೋ ಏನೋ, ಎರಡನೇ ಚಕ್ರವನ್ನು ಅಲ್ಲಿಂದ ಎತ್ತಿ ಗುಲ್ಮಕ್ಕೆ ವರ್ಗ ಮಾಡಿಬಿಟ್ಟ. ಸಾವಿರಾರು ಸಾಧಕರ ಕುಂಡಲಿನಿ ಆ ದಾರಿಯಲ್ಲೇ ಹತ್ತಿಹೋಗಿತ್ತು ಎಂಬ ಕಾರಣಕ್ಕೆ ಯಾರೂ ಸ್ಟೇ ತರಲಿಲ್ಲ.

ಅರ್ಧ ಶತಮಾನದ ಮೇಲೆ ಚಕ್ರ ಕ್ಯಾಲಿಫೋರ್ನಿಯಾ ಸೇರಿತು. ಅಲ್ಲಿ ಯಾವ ಜಾಗದ ಹೆಸರು ಹೇಳಲೂ ಯಾರಿಗೂ ನಾಚಿಕೆ ಇರಲಿಲ್ಲವಾದ್ದರಿಂದ ಅದು ಮತ್ತೆ ಕೆಳಗಿಳಿಯಿತು. 1977ರಲ್ಲಿ ಹಿಗ್ಗಿಸಿ ಪ್ರಕಟಿಸಿದ ‘ನ್ಯೂಕ್ಲಿಯರ್ ಇವಲ್ಯೂಷನ್’ ಪುಸ್ತಕದಲ್ಲಿ ಕ್ರಿಸ್ಟೋಫರ್ ಹಿಲ್ಸ್ ಏಳು ಚಕ್ರಗಳಿಗೆ ಕಾಮನಬಿಲ್ಲಿನ ಏಳು ಬಣ್ಣ ಹಂಚಿದ. ಎರಡನೆಯದಕ್ಕೆ ಕಿತ್ತಳೆ ಸಿಕ್ಕಿತು. ಹಿಲ್ಸ್ ಸ್ಪಿರುಲಿನಾ ಪಾಚಿಯ ವ್ಯಾಪಾರದಲ್ಲೂ ಹೆಸರು ಮಾಡಿದವನು, ಏನು ಓಡುತ್ತದೆ ಎಂದು ಬಲ್ಲವನು. ಆದರೆ ಕಾಮನಬಿಲ್ಲಿನಲ್ಲಿ ಬಣ್ಣ ಏಳು ಎಂದು ಗಟ್ಟಿ ಮಾಡಿದವನು ನ್ಯೂಟನ್, ಸಂಗೀತದ ಏಳು ಸ್ವರಗಳಿಗೆ ಹೊಂದಲಿ ಎಂಬ ಆಸೆಯಿಂದ. ಪೂರ್ಣಾನಂದನ ಪಟ್ಟಿಯಲ್ಲಿ ಮಣಿಪೂರ ಮಳೆಮೋಡದ ಬಣ್ಣ, ಅನಾಹತ ಬಂಧೂಕ ಹೂವಿನ ಕೆಂಪು, ವಿಶುದ್ಧ ಹೊಗೆಯ ಬಣ್ಣ, ಆಜ್ಞಾ ಚಂದ್ರನ ಬಿಳುಪು. ಯಾವ ಕೋನದಿಂದ ನೋಡಿದರೂ ಕಾಮನಬಿಲ್ಲಾಗುವುದಿಲ್ಲ. 417 ಹರ್ಟ್ಸಿನ ಕಥೆ ಇನ್ನೂ ರಸವತ್ತಾಗಿದೆ. ಜೋಸೆಫ್ ಪುಲಿಯೊ ಎಂಬ ಅಮೆರಿಕದವನು ಬೈಬಲಿನ ಅರಣ್ಯಕಾಂಡದ ವಾಕ್ಯಗಳ ಅಂಕಿಗಳನ್ನು ಕೂಡಿ ಕಳೆದು 1970ರ ದಶಕದಲ್ಲಿ ಕಂಡುಕೊಂಡ ಸಂಖ್ಯೆಗಳಲ್ಲಿ ಅದೂ ಒಂದು. ಹೀಗೆ ತಂತ್ರದ ಪದ್ಮ, ನ್ಯೂಟನ್ನನ ಬಣ್ಣ, ಬೈಬಲಿನ ಅಂಕಿ, ಕ್ಯಾಲಿಫೋರ್ನಿಯಾದ ಪ್ಯಾಕಿಂಗ್. ನಮ್ಮ ಶಿಬಿರಗಳಲ್ಲಿ ಇದಕ್ಕೆ ‘ಋಷಿಮುನಿಗಳ ಸನಾತನ ವಿಜ್ಞಾನ’ ಎನ್ನುತ್ತಾರೆ.

ಸರಿ, ಹಳಬರು ಚಕ್ರಕ್ಕೂ ಕಲೆಗೂ ಸಂಬಂಧ ಹೇಳಲೇ ಇಲ್ಲವೇ? ಹೇಳಿದ್ದಾರೆ, ಅದೇ ಫಜೀತಿ. ಹದಿಮೂರನೇ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಹಿರಿಯ ಅಧಿಕಾರಿಯಾಗಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ ಬರೆದ. ಲೆಕ್ಕದವನಾದ್ದರಿಂದ ಚಕ್ರಗಳನ್ನೂ ದಳದ ಲೆಕ್ಕದಲ್ಲಿ ಆಡಿಟ್ ಮಾಡಿದ್ದಾನೆ. ಜೀವ ಅನಾಹತದ ಒಂದು, ಎಂಟು, ಹನ್ನೊಂದು, ಹನ್ನೆರಡನೇ ದಳದಲ್ಲಿದ್ದರೆ ಸಂಗೀತ ಸಿದ್ಧಿಸುತ್ತದೆ. ನಾಲ್ಕು, ಆರು, ಹತ್ತರಲ್ಲಿದ್ದರೆ ಕೆಡುತ್ತದೆ. ವಿಶುದ್ಧದ ಎಂಟರಿಂದ ಹದಿನೈದರವರೆಗೆ ಒಳ್ಳೆಯದು, ಹದಿನಾರನೆಯದು ಕೆಟ್ಟದ್ದು. ಲಲನಾ ಚಕ್ರದಲ್ಲಿ ಹತ್ತು, ಹನ್ನೊಂದು ಶುಭ. ಬ್ರಹ್ಮರಂಧ್ರವಂತೂ ಅತ್ಯುತ್ತಮ. ಉಳಿದ ದಳ, ಉಳಿದ ಚಕ್ರಗಳಲ್ಲಿ ನೆಲೆಸಿದ ಜೀವಕ್ಕೆ ಗೀತಾದಿಗಳು ಎಂದಿಗೂ ಒಲಿಯುವುದಿಲ್ಲ ಎಂದು ಕೆಳಗೆ ಗೆರೆ ಎಳೆದು ಲೆಕ್ಕ ಮುಗಿಸಿದ್ದಾನೆ. ಆ ‘ಉಳಿದ’ ಪಟ್ಟಿಯಲ್ಲಿ ನಮ್ಮ ಸ್ವಾಧಿಷ್ಠಾನವೂ ಇದೆ. ಅದನ್ನು ಆತ ಕಾಮಶಕ್ತಿಯ ಮನೆ ಎಂದು ನೋಂದಾಯಿಸಿದ, ಸಂಗೀತಕ್ಕೆ ಅಲ್ಲಿ ಒಂದು ರೂಮನ್ನೂ ಬಾಡಿಗೆಗೆ ಕೊಡಲಿಲ್ಲ.

ಹಾಗಾದರೆ ಆ ಮನೆಯ ಆರು ದಳಗಳಲ್ಲಿ ಯಾರಿದ್ದಾರೆ? ಪ್ರಶ್ರಯ, ಕ್ರೌರ್ಯ, ಗರ್ವನಾಶ, ಮೂರ್ಛೆ, ಅವಜ್ಞೆ, ಅವಿಶ್ವಾಸ. ಇದನ್ನು ಓದಿದ ಮೇಲೆ ನನಗೆ ಶಾರ್ಙ್ಗದೇವನ ದಿವ್ಯದೃಷ್ಟಿಯಲ್ಲಿ ನಂಬಿಕೆ ಬಂತು. ಪ್ರಶ್ರಯವೆಂದರೆ ವಿನಯ: ಪ್ರಶಸ್ತಿ ಸಮಿತಿಯ ಸದಸ್ಯರು ಎದುರಾದಾಗ ಅರಳುವ ದಳ. ಕ್ರೌರ್ಯ: ಓರಗೆಯವರ ಪುಸ್ತಕಕ್ಕೆ ವಿಮರ್ಶೆ ಬರೆಯುವಾಗ. ಗರ್ವನಾಶ: ರಾಜ್ಯೋತ್ಸವದ ಪಟ್ಟಿ ಪ್ರಕಟವಾದ ಸಂಜೆ. ಮೂರ್ಛೆ: ಕವಿಗೋಷ್ಠಿಯ ಅಧ್ಯಕ್ಷರು “ಎರಡೇ ಮಾತು” ಎಂದು ಎದ್ದು ನಿಂತಾಗ, ಸಭೆಗೆ. ಅವಜ್ಞೆ: ಹೊಸಬರು ಕೈಗೆ ಪುಸ್ತಕ ಕೊಟ್ಟು ಕಾಲಿಗೆರಗಿದಾಗ. ಅವಿಶ್ವಾಸ: ಪ್ರಕಾಶಕರಿಂದ ರಾಯಲ್ಟಿಯ ಚೀಟಿ ಬಂದಾಗ, ಅಂದರೆ ಬಂದರೆ. ಸಾಹಿತ್ಯಲೋಕದಲ್ಲಿ ಸ್ವಾಧಿಷ್ಠಾನ ಬ್ಲಾಕ್ ಆಗಿದೆ ಎಂದವರು ಯಾರು ಸ್ವಾಮಿ? ಆರೂ ದಳ ಹಗಲಿರುಳು ತಿರುಗುತ್ತಿವೆ.

ಪೂರ್ಣಾನಂದ ಯತಿ ಮಾತ್ರ ಉದಾರಿ. ಈ ಪದ್ಮವನ್ನು ಧ್ಯಾನಿಸಿದವನ ಬಾಯಿಂದ ಗದ್ಯ ಪದ್ಯ ಎರಡೂ ಅಮೃತದಂತೆ ಹರಿಯುತ್ತವೆ ಎಂದು ಫಲಶ್ರುತಿ ಕೊಟ್ಟಿದ್ದಾನೆ. ಶಿಬಿರದವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗಲಾರದು, ಆದರೂ ಅವರು ಇದನ್ನು ಬಳಸುವುದಿಲ್ಲ. ಯಾಕೆಂದರೆ ಅದೇ ಶ್ಲೋಕದ ಮೊದಲರ್ಧದಲ್ಲಿ ಒಂದು ಷರತ್ತು ಕೂತಿದೆ: ಅಹಂಕಾರ ಮೊದಲಾದ ವೈರಿಗಳು ಕೂಡಲೇ ಕ್ಷಯವಾಗುತ್ತವೆ. ಕೂಡಲೇ! ಗದ್ಯ ಪದ್ಯದ ಸರದಿ ಅದರ ನಂತರ. ಅಹಂಕಾರ ಹೋದಮೇಲೆ ಬರೆದದ್ದನ್ನು ಏನು ಮಾಡುವುದು? ಮುಖಪುಟದಲ್ಲಿ ಹೆಸರಿನ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ಯಾರು ಜಗಳ ಆಡುವುದು? ಬಿಡುಗಡೆಗೆ ಬಾರದವರ ಹೆಸರು ನೆನಪಿಟ್ಟುಕೊಳ್ಳುವುದು ಯಾರು?

ನಮ್ಮ ವೀರಶೈವ ಷಟ್‌ಸ್ಥಲ ಶಾಸ್ತ್ರದ ಷರತ್ತು ಇದಕ್ಕಿಂತ ಬಿಗಿ. ಅಲ್ಲಿ ಸ್ವಾಧಿಷ್ಠಾನಕ್ಕೆ ಮಾಹೇಶ್ವರ ಸ್ಥಲ, ಗುರುಲಿಂಗ, ನಿಷ್ಠಾಭಕ್ತಿ. ಪರಸತಿ ಪರಧನಗಳತ್ತ ಮನಸ್ಸು ಹರಿಯಬಾರದು. ಪರಧನದಲ್ಲಿ ಪರರ ಕಥಾವಸ್ತುವೂ ಸೇರುತ್ತದೆ ಎಂದು ಯಾರಾದರೂ ವ್ಯಾಖ್ಯಾನ ಬರೆದರೆ ನಮ್ಮ ಎಷ್ಟೋ ಸಿನಿಮಾಗಳ ಚಿತ್ರಕಥಾ ವಿಭಾಗಕ್ಕೆ ಅಂದೇ ಬೀಗ ಬೀಳುತ್ತದೆ.

ಪ್ರತಿಭೆ ಎಲ್ಲಿಂದಲೋ ಇಳಿದು ಬರುತ್ತದೆ ಎಂದು ನಂಬಿದ ದೊಡ್ಡವರು ಕನ್ನಡದಲ್ಲಿ ಇರಲಿಲ್ಲ ಎಂದಲ್ಲ. ಕುಮಾರವ್ಯಾಸ ಕಾವ್ಯವನ್ನು ಗದುಗಿನ ವೀರನಾರಾಯಣನಿಗೆ ಬಿಟ್ಟು, ಬರೆದುಕೊಂಡ ಕೆಲಸವನ್ನಷ್ಟೇ ತನಗಿಟ್ಟುಕೊಂಡ. ಅದರ ಹಿಂದೆಯೇ ಬರೆದದ್ದನ್ನು ಅಳಿಸದ ಹೆಗ್ಗಳಿಕೆ ತನ್ನದೆಂದೂ ಹೇಳಿಕೊಂಡ. ಗರ್ವನಾಶದ ದಳ ಅವನಲ್ಲೂ ಅರ್ಧವೇ ಅರಳಿತ್ತು ಅಂತ ಕಾಣುತ್ತದೆ. ಮಿಂದು ಬಂದು ಉಟ್ಟ ಬಟ್ಟೆ ಆರುವ ತನಕ ಬರೆಯುತ್ತಿದ್ದ ಎನ್ನುತ್ತದೆ ಐತಿಹ್ಯ. ಸ್ವಾಧಿಷ್ಠಾನದ ನೀರಿನ ತತ್ತ್ವ ಅಂದರೆ ಅದು. ಒದ್ದೆ ಪಂಚೆಯಲ್ಲಿ ಕೂತವನಿಗೆ ಮೂಡ್ ಬರಲಿ ಎಂದು ಕಾಯುವ ವ್ಯವಧಾನ ಇರುವುದಿಲ್ಲ. ಬೇಂದ್ರೆಯವರೂ ಕವಿತೆಯನ್ನು ಅಂಬಿಕಾತನಯದತ್ತನ ಖಾತೆಗೆ ಬರೆದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ಗೆ ಸುಮಾರು ಒಂಬತ್ತು ವರ್ಷ ಸವೆಸಿದರು. ಮಾಸ್ತಿ ಮೈಸೂರು ಸರ್ಕಾರದ ಫೈಲುಗಳ ನಡುವೆ ಕಥೆ ಬರೆದರು. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಮನೆ ನಡೆಸಿದರು. ಮೂಲ ಮೇಲಿದೆ ಎಂದವರೂ ಕೆಳಗೆ ಕೂತು ಬರೆದರು. ಬರೆದದ್ದರ ಕೀರ್ತಿಯನ್ನು ದೇವರಿಗೆ ಕೊಟ್ಟರೇ ಹೊರತು, ಬರೆಯದೇ ಇದ್ದದ್ದರ ಹೊಣೆಯನ್ನು ಯಾರೂ ಕಿಬ್ಬೊಟ್ಟೆಯ ಮೇಲೆ ಹಾಕಲಿಲ್ಲ.

ಯೋಗದ ಮೇಲೆ ನನಗೇನೂ ಮುನಿಸಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂರುವವರ ಸೊಂಟಕ್ಕೆ ಬದ್ಧಕೋಣಾಸನ ಒಳ್ಳೆಯದು, ಪಪ್ಪಾಯಿ ಹೊಟ್ಟೆಗೆ ಒಳ್ಳೆಯದು. ಎರಡು ದಿನ ಮೊಬೈಲ್ ಕಸಿದಿಟ್ಟರೆ ಯಾರಿಗಾದರೂ ನಾಲ್ಕು ಸಾಲು ಹೊಳೆದೀತು. ಶಿಬಿರಗಳು ನಡೆಯಲಿ. ಒಂದೇ ಒಂದು ಸುಧಾರಣೆ ಬೇಕು: ಕೊನೆಯ ದಿನ ಎಲ್ಲರಿಗೂ ಹಂಚುವ ‘ಸ್ವಾಧಿಷ್ಠಾನ ಜಾಗೃತ’ ಸರ್ಟಿಫಿಕೇಟನ್ನು ಪೂರ್ಣಾನಂದರ ಷರತ್ತಿನ ಪ್ರಕಾರವೇ ಕೊಡಬೇಕು, ಅಹಂಕಾರ ಕರಗಿದವರಿಗೆ ಮಾತ್ರ. ನಿಜಕ್ಕೂ ಕರಗಿದವನು ಅದನ್ನು ತೆಗೆದುಕೊಳ್ಳಲು ವೇದಿಕೆ ಹತ್ತುವುದಿಲ್ಲ. ಹತ್ತಿ ಬಂದವನಿಗೆ ಕೊಡುವಂತಿಲ್ಲ. ಪ್ರಿಂಟಿಂಗ್ ಖರ್ಚಾದರೂ ಉಳಿಯುತ್ತದೆ.