ಬಡಾವಣಾ ವಾರಾಂತ್ಯ: ಒಂದು ಪರಿಕಲ್ಪನಾತ್ಮಕ ಅನುಸಂಧಾನ

ಬಡಾವಣಾ ವಾರಾಂತ್ಯವೆಂದರೆ ಶುಕ್ರವಾರದ ಸಂಜೆಗೂ ಸೋಮವಾರದ ಮುಂಜಾನೆಗೂ ನಡುವೆ ಹರಡಿಕೊಂಡಿರುವ ಒಂದು ಪಾದಕೇಂದ್ರಿತ ಸಂಕಥನ. ಸ್ವಗೃಹಸಾಮೀಪ್ಯ, ಪದಗಮ್ಯತೆ, ನಿರುದ್ದೇಶಶೀಲತೆ ಎಂಬುವು ಅದರ ಮೂರು ಲಕ್ಷಣಗಳು. ಅವಿದ್ವಾಂಸರು ಇದನ್ನೇ "ಎಲ್ಲೂ ಹೋಗ್ಲಿಲ್ಲ, ಇಲ್ಲೇ ಒಂದು ರೌಂಡ್ ಹಾಕ್ಕೊಂಡು ಬಂದ್ವಿ" ಎನ್ನುತ್ತಾರೆ. ಎರಡರ ಅರ್ಥವೂ ಒಂದೇ; ಮೊದಲನೆಯದಕ್ಕೆ ಪ್ರಯಾಣಭತ್ಯೆ ಸಿಗುತ್ತದೆ.

ಅಧ್ಯಯನದ ಕ್ಷೇತ್ರ ಬೆಂಗಳೂರಿನ ಬಸವನಗುಡಿ. 1890ರ ದಶಕದಲ್ಲಿ ರೂಪುಗೊಂಡ ಬಡಾವಣೆ ಇದು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಕ್ಕಟ್ಟಿದಾಗ ಇಲ್ಲಿಯೂ ಮಲ್ಲೇಶ್ವರದಲ್ಲಿಯೂ ಮನೆಗಳೆದ್ದವು. ಗಾಳಿ ಆಡಲಿ ಎಂದು ನೇರವಾದ ರಸ್ತೆಗಳನ್ನು ಎಳೆದರು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿ ಬಿಟ್ಟರು. ಕಾರು ಇಲ್ಲದ ಕಾಲವಾದ್ದರಿಂದ ಅಂಗಡಿ, ಗುಡಿ, ಶಾಲೆ, ವೈದ್ಯರ ಮನೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲೇ ಕೂತವು. ಪ್ಯಾರಿಸ್ಸಿನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ 2016ರಲ್ಲಿ ಇಂಥದ್ದನ್ನೇ 'ಹದಿನೈದು ನಿಮಿಷದ ನಗರ' ಎಂಬ ಹೆಸರಿನಲ್ಲಿ ಮಂಡಿಸಿದರು. ಬಸವನಗುಡಿಯ ಗಾಂಧಿಬಜಾರಿನ ಅಜ್ಜಿಯರಿಗೆ ಈ ಸುದ್ದಿ ತಲುಪಿಲ್ಲ. ಅವರು ಹತ್ತು ನಿಮಿಷದಲ್ಲೇ ಹೂವು, ಹಾಲು, ಬಾಳೆಲೆ ಮುಗಿಸಿ ಮನೆ ಸೇರಿರುತ್ತಾರೆ. ಸಿದ್ಧಾಂತವನ್ನು ಚರ್ಚಿಸುವ ವಿಚಾರಸಂಕಿರಣಕ್ಕೆ ಮಾತ್ರ ಒಂದೂವರೆ ಗಂಟೆ ಕಾರಿನಲ್ಲಿ ಕೂತು ಹೋಗಬೇಕಾಗುತ್ತದೆ.

ವಾರಾಂತ್ಯದ ಪ್ರಥಮ ಘಟ್ಟ ಶನಿವಾರದ ಮುಂಜಾನೆಯದು. ಕಹಳೆಬಂಡೆ ಉದ್ಯಾನದ ಮರಗಳಲ್ಲಿ ಬಾವಲಿಗಳು ರಾತ್ರಿಪಾಳಿ ಮುಗಿಸಿ ತಲೆಕೆಳಗಾಗುವ ಹೊತ್ತಿಗೆ ಕೆಳಗೆ ನಡಿಗೆಯವರು ಸುತ್ತು ಹಾಕತೊಡಗುತ್ತಾರೆ. ಅಲ್ಲಿನ ನೈಸ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ನಿವೃತ್ತರ ಪಿಂಚಣಿ ಪರಿಷ್ಕರಣೆಯ ಚರ್ಚೆಯನ್ನು ಕೇಳಿಸಿಕೊಳ್ಳಲು ಬೇಕಾದ ಸಹನೆ ಅದಕ್ಕೆ ಹೀಗೆಯೇ ಬಂದಿರಬೇಕು. ನಡೆಯುವವರಲ್ಲಿ ಹನ್ನೊಂದು ವರ್ಗಗಳನ್ನು ಗುರುತಿಸಬಹುದು. ಒಂದು, ವೈದ್ಯಪ್ರೇರಿತ ಪದಾತಿಗಳು: ಸಕ್ಕರೆ ಕಾಯಿಲೆಯ ಕಾರಣಕ್ಕೆ ಬೀಸುಗಾಲು ಹಾಕುವವರು. ಎರಡು, ಶ್ವಾನಾನುಗಾಮಿಗಳು: ಹಗ್ಗದ ಯಾವ ತುದಿಯಲ್ಲಿ ಯಜಮಾನಿಕೆ ಇದೆ ಎಂಬ ವಾಗ್ವಾದ ಇವರ ಮಟ್ಟಿಗೆ ಎಂದೋ ಮುಗಿದಿದೆ. ಮೂರು, ನೆಪಮೂಲಿಗಳು: ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೊರಟು ಎರಡು ಗಂಟೆ ಕಳೆದು ಸೊಪ್ಪಿಲ್ಲದೆ ಹಿಂತಿರುಗುವವರು. ನಾಲ್ಕನೆಯದರಿಂದ ಹನ್ನೊಂದನೆಯದರವರೆಗಿನ ವರ್ಗಗಳವರೂ ಕೊನೆಗೆ ಕಾಫಿಗೇ ಹೋಗುವುದರಿಂದ ಅವುಗಳ ವಿವರಣೆಯನ್ನು ಕೈಬಿಡಲಾಗಿದೆ.

ದ್ವಿತೀಯ ಘಟ್ಟ ಪ್ರತೀಕ್ಷಾಮೀಮಾಂಸೆ. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನ ಹೋಟೆಲಿಗೆ ಶುಕ್ರವಾರ ರಜೆ. ಶನಿವಾರ ಬೆಳಗ್ಗೆ ಎರಡು ದಿನದ ಹಸಿವು ಒಟ್ಟಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಹೆಸರು ಬರೆಸಿ, ಕರೆ ಬರುವವರೆಗೆ ಬೀದಿಯಲ್ಲಿ ಕಾಯುವುದು ಕ್ರಮ. ಈ ಕಾಯುವಿಕೆಯಲ್ಲಿ ಅನನ್ಯತೆಯ ನಿರಸನ, ವರ್ಗಭೇದದ ವಿಘಟನೆ ಇತ್ಯಾದಿಗಳನ್ನು ಕಾಣಬಹುದೆಂದು ತೋರುತ್ತದೆಯಾದರೂ, ಒಳಗೆ ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಮಾಣಿ ಕಣ್ಣಿಗೆ ಬಿದ್ದ ಕ್ಷಣ ಇಂಥ ಆಲೋಚನೆಗಳು ನಿಲ್ಲುತ್ತವೆ. ಕಾಯಲಾರದವರು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋಗಿ ನಿಂತೇ ಇಡ್ಲಿ ವಡೆ ತಿನ್ನುತ್ತಾರೆ. ಅಲ್ಲಿ ಸಾಂಬಾರ್ ಕೇಳುವುದು ಶಾಸ್ತ್ರದೋಷ. ಚಟ್ನಿ ಮಾತ್ರ, ಕೇಳಿದಷ್ಟು ಸಲ.

ಮಧ್ಯಾಹ್ನದ ಘಟ್ಟದಲ್ಲಿ ಸಂಶೋಧನಾರ್ಹವಾದದ್ದೇನೂ ಇಲ್ಲ. ಎಲ್ಲರೂ ಮಲಗಿರುತ್ತಾರೆ.

ಸಂಜೆಯ ಘಟ್ಟ ಗಾಂಧಿಬಜಾರಿನದು. ಮೊಳದಲ್ಲಿ ಅಳೆದ ಮಲ್ಲಿಗೆ, ಕಾಲಕ್ಕೆ ಸರಿಯಾಗಿ ಬರುವ ಅವರೆಕಾಯಿ, ಸುಬ್ಬಮ್ಮನ ಅಂಗಡಿಯ ಹಪ್ಪಳ, ಎದುರಿಗೇ ಹುರಿದು ಪುಡಿಮಾಡಿ ಕೊಡುವ ಕಾಫಿಬೀಜ, ಇವನ್ನೆಲ್ಲ ನೋಡಲಿಕ್ಕೆಂದೇ ಜನ ನಡೆಯುತ್ತಾರೆ. ಕೊಳ್ಳುವುದು ಆಮೇಲಿನ ಮಾತು. "ಏನ್ರೀ, ಯಾವ ಕಡೆ ಸವಾರಿ?" ಎಂದು ಎದುರಾದವರು ಕೇಳಿದರೆ "ಇಲ್ಲೇ, ಹೀಗೇ" ಎಂಬ ಉತ್ತರ ಸಾಕು. ಸಲಹಾಸಂಸ್ಥೆಗಳ ಸಮೀಕ್ಷಾ ನಮೂನೆಯಲ್ಲಿ ಪ್ರಯಾಣದ ಉದ್ದೇಶಕ್ಕೆ ಉದ್ಯೋಗ, ಶಿಕ್ಷಣ, ಖರೀದಿ, ಮನರಂಜನೆ ಎಂಬ ಕಲಮುಗಳಿರುತ್ತವೆ, ಇದಕ್ಕೊಂದು ಕಲಮಿರುವುದಿಲ್ಲ. ಹೀಗಾಗಿ ಬಡಾವಣೆಯ ಅರ್ಧದಷ್ಟು ನಡಿಗೆ ದಾಖಲೆಗೇ ಸೇರದೆ 'ಇತರೆ'ಯಲ್ಲಿ ಬಿದ್ದುಹೋಗುತ್ತದೆ. ಭಾನುವಾರಕ್ಕೆ ಪುಸ್ತಕವೋ ಉಪನ್ಯಾಸವೋ ಬೇಕೆನಿಸಿದರೆ ಡಿ.ವಿ.ಜಿ. 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ, ಅದೇ ವರ್ಷ ಹುಟ್ಟಿದ ವರ್ಲ್ಡ್ ಕಲ್ಚರ್ ಸಂಸ್ಥೆಯಿದೆ. ಎರಡಕ್ಕೂ ಚಪ್ಪಲಿ ಮೆಟ್ಟಿ ಹೊರಟರಾಯಿತು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ, ಹೆಸರಿಗೆ ಸೋಮವಾರವಾದರೂ ಹಿಂದಿನ ಶನಿವಾರಕ್ಕಾಗಲೇ ಬುಲ್ ಟೆಂಪಲ್ ರಸ್ತೆಯನ್ನು ಆಕ್ರಮಿಸಿರುತ್ತದೆ. ಆಗ ಮಾತ್ರ ಬಡಾವಣೆಯ ರಸ್ತೆ ಪೂರ್ತಿಯಾಗಿ ನಡೆಯುವವರ ವಶದಲ್ಲಿರುತ್ತದೆ.

ಇನ್ನು ಪಾದಚಾರಿ ಮಾರ್ಗದ ಸತ್ತಾಮೀಮಾಂಸೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ವಸತಿ ಪ್ರದೇಶದಲ್ಲಿಯೂ ನಡೆಯಲು ಕನಿಷ್ಠ 1.8 ಮೀಟರ್ ಅಗಲ, ತಲೆಯ ಮೇಲೆ 2.2 ಮೀಟರ್ ತೆರಪು ಇರಬೇಕು. ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರವಿರಬಾರದು. ವಾಸ್ತವದ ನೆಲೆಯಲ್ಲಿ ಈ 1.8 ಮೀಟರು ಟ್ರಾನ್ಸ್‌ಫಾರ್ಮರ್, ಕೇಬಲ್ಲಿನ ಸುರುಳಿ, ಮನೆಯವರ ಕಾರಿನ ಇಳಿಜಾರು, ಹೋಟೆಲಿಗೆ ಬಂದವರ ಬೈಕು ಇವುಗಳೊಡನೆ ನಿರಂತರ ಮುಖಾಮುಖಿಯಲ್ಲಿ ತೊಡಗಿರುತ್ತದೆ. ಚಪ್ಪಡಿ ಎತ್ತಿದವರು ಮತ್ತೆ ಕೂರಿಸುವುದಿಲ್ಲ. ಕೂರಿಸಿದರೂ ಅದು ಅಲ್ಲಾಡುತ್ತದೆ, ಮಳೆಗಾಲದಲ್ಲಿ ಅಡಿಯಿಂದ ಕೆಸರುನೀರು ಚಿಮ್ಮಿ ಸೀರೆಗೆ ಹಾರುತ್ತದೆ. ಅಂಚಿನ ಕಲ್ಲು ಕೆಲವೆಡೆ ಮೊಣಕಾಲಿನ ಹತ್ತಿರಕ್ಕೆ ಬರುತ್ತದೆ. ಎಪ್ಪತ್ತು ದಾಟಿದ ಹೆಂಗಸರು ಅದನ್ನು ಹತ್ತಲಾರರು, ಹತ್ತಿದರೆ ಇಳಿಯಲಾರರು. ಆದ್ದರಿಂದ ರಸ್ತೆಯಲ್ಲೇ ನಡೆಯುತ್ತಾರೆ, ಹಿಂದಿನಿಂದ ಹಾರ್ನ್ ಹೊಡೆಸಿಕೊಳ್ಳುತ್ತಾರೆ. ಒಂದು ಸಲ ಬಿದ್ದರೆ ಸೊಂಟ ಮುರಿಯುತ್ತದೆ. ಆಮೇಲೆ ಅವರ ವಾರಾಂತ್ಯಗಳೆಲ್ಲ ಮಂಚದ ಮೇಲೆಯೇ ಕಳೆಯುತ್ತವೆ. ಇದಕ್ಕೆ ಶಾಸ್ತ್ರೀಯ ಪರಿಭಾಷೆ ಇಲ್ಲ, ಬೇಕಾಗಿಯೂ ಇಲ್ಲ. ಕಲ್ಲು ಸರಿಯಾಗಿ ಕೂರಿಸಲು ಗಾರೆಯವರು ಸಾಕು, ಸಂಕಥನಕಾರರು ಬೇಡ. ಗಾಂಧಿಬಜಾರ್ ಮುಖ್ಯರಸ್ತೆಯನ್ನು ಪಾದಚಾರಿಸ್ನೇಹಿಯಾಗಿಸುವ ಕಾಮಗಾರಿ ನಡೆದಾಗ ರಸ್ತೆಯನ್ನು ಅಗೆದುಹಾಕಿದ್ದರಿಂದ ಬಹುಕಾಲ ಪಾದಚಾರಿಗಳಿಗೇ ಅತ್ತ ಹೋಗಲಾಗಲಿಲ್ಲ. ಹೂವಿನವರು, ಹಣ್ಣಿನವರು ವ್ಯಾಪಾರ ಕಳೆದುಕೊಂಡು ಸ್ನೇಹದ ಫಲವನ್ನುಂಡರು.

ಹೊಸದಾಗಿ ಗುರುತಿಸಲಾದ ಇನ್ನೊಂದು ವರ್ಗವನ್ನು ಇಲ್ಲಿ ಸೇರಿಸಬೇಕು: ನಡೆಯುವುದಕ್ಕಾಗಿ ಕಾರಿನಲ್ಲಿ ಬರುವವರು. ಹೊರವರ್ತುಲ ರಸ್ತೆಯಾಚೆಯ ಇವರ ವಸತಿ ಸಮುಚ್ಚಯಗಳಿಗೆ ಕರಪತ್ರದಲ್ಲಿ 'ವಾಕಬಲ್' ಎಂಬ ವಿಶೇಷಣವಿರುತ್ತದೆ, ಒಳಗೆ ದುಂಡಗಿನ ನಡಿಗೆಪಥವೂ ಇರುತ್ತದೆ. ಆದರೆ ಗೇಟಿನಾಚೆ ಒಂದು ಕಟ್ಟು ದಂಟಿನ ಸೊಪ್ಪಿಗೂ ಕಾರು ತೆಗೆಯಬೇಕು. ಹೀಗಾಗಿ ಶನಿವಾರ ಬಸವನಗುಡಿಗೆ ಬಂದು, ಜಾಗ ಸಿಗದೆ ಮೂರು ಸುತ್ತು ಹಾಕಿ, ಕೊನೆಗೆ ಫುಟ್‌ಪಾತಿನ ಮೇಲೆ ಎರಡು ಚಕ್ರ ಹತ್ತಿಸಿ ನಿಲ್ಲಿಸಿ, ಹಳೆಯ ಬೆಂಗಳೂರಿನ ನಡಿಗೆಯ ಸುಖವನ್ನು ಸವಿಯುತ್ತಾರೆ. ಅವರನ್ನು ಬೈಯುವುದೂ ಕಷ್ಟ. ಎಷ್ಟೋ ಮಂದಿ ಇದೇ ಬೀದಿಗಳಲ್ಲಿ ಹುಟ್ಟಿದವರು. ಅಪ್ಪ ಕಟ್ಟಿದ ಮನೆ ಪಾಲಾಗಿ, ಮುರಿದು, ನಾಲ್ಕಂತಸ್ತಾಗಿ, ಅದರಲ್ಲೊಂದು ಮಹಡಿ ಕೊಳ್ಳಲೂ ಕೈಗೆಟುಕದೆ ದೂರ ಹೋದವರು. ಹೋಗುವಾಗ ಜಗಲಿ ಹೋಯಿತು, ಕಾಂಪೌಂಡಿನ ಸಂಪಿಗೆಮರ ಹೋಯಿತು. ಜಗಲಿಯ ಮೇಲೆ ಕೂತವರು ಇಲ್ಲವಾದ ಮೇಲೆ ದಾರಿಹೋಕರನ್ನು ತಡೆದು ಕೂರಿಸಿಕೊಳ್ಳುವವರೂ ಇಲ್ಲ.

ಅಂತಿಮ ಘಟ್ಟ ಭಾನುವಾರದ ಸಂಜೆ. ಬೈಟು ಕಾಫಿ ಕುಡಿದವರು ಮನೆಗೆ ಹೊರಡುತ್ತಾರೆ, ಹೂವಿನವರು ಉಳಿದ ಮಲ್ಲಿಗೆಯನ್ನು ಕೇಳಿದ ಬೆಲೆಗೆ ಕೊಡುತ್ತಾರೆ, ಅಡುಗೆಮನೆಗಳಲ್ಲಿ ಇಡ್ಲಿಗೆ ರುಬ್ಬುವ ಸದ್ದು ಶುರುವಾಗುತ್ತದೆ. ಮರೆತ ಕೊತ್ತಂಬರಿ ಸೊಪ್ಪಿಗಾಗಿ ನೆಪಮೂಲಿಗಳನ್ನು ಇನ್ನೊಮ್ಮೆ ಅಟ್ಟಲಾಗುತ್ತದೆ. ಸೋಮವಾರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.